ಚೊಗರಿನ ಗೋಡೆ

ಬೆಳಗಿನ ನಮಾಜು ಮುಗಿಸಿ ಹಾಲು ತರಲು ಹೊರಟರೆ ನುಜಹತ್ ನೇರವಾಗಿ ಹಾಲಿನಂಗಡಿಗೆ ಹೋಗುವವಳಲ್ಲ. ಒಂದು ಸುತ್ತು ಹೆಚ್ಚಿಗೆ ನಡೆದು, ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿರುವ ಪತ್ತಿನ ಸಂಘದ ಗಾಜಿನ ಬಾಗಿಲ ಮುಂದೆ ನಿಲ್ಲುತ್ತಾಳೆ. ಒಳಗೆ ಇನ್ನೂ ಮಬ್ಬು. ಎರಡೂ ಅಂಗೈಗಳನ್ನು ಕಣ್ಣಿನ ಪಕ್ಕಕ್ಕೆ ಮರೆ ಮಾಡಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡುತ್ತಾಳೆ. ಎದುರು ಗೋಡೆಯ ಮೇಲೆ ಸಂಘದ ಹೆಸರು, ಅದರ ಕೆಳಗೆ ಜೋಡಿ ಕೈಗಳ ಲೋಗೋ, ಲೋಗೋದ ಹಸಿರಿಗೆ ಒಪ್ಪುವ ಹಸಿರು ಅಂಚಿನ ಕೌಂಟರು. ಅಕ್ಷರಗಳು ನೆಟ್ಟಗಿವೆಯೇ, ಲೋಗೋ ಮೇಲೆ ಯಾರಾದರೂ ಕ್ಯಾಲೆಂಡರ್ ತೂಗುಹಾಕಿದ್ದಾರೆಯೇ, ಇಷ್ಟು ನೋಡಿಕೊಂಡರೆ ಅವಳ ಜೀವಕ್ಕೆ ಸಮಾಧಾನ. ಅದು ಅವಳು ಸ್ವಂತವಾಗಿ ಮಾಡಿದ ಮೊದಲ ರಿಸೆಪ್ಷನ್, ಬಂದವರನ್ನು ಎದುರುಗೊಳ್ಳುವ ಮುಂಗೋಣೆ. ಜ್ವರ ಬಂದ ದಿನವೂ, ಮಗಳ ನಿಕಾಹ್ ದಿನವೂ ಈ ಸುತ್ತು ತಪ್ಪಿದ್ದಿಲ್ಲ.

"ನಿಮ್ ಗ್ವಾಡೆ ಎಲ್ಲೂ ಓಡಿ ಹೋಗಿಲ್ಲ ಬಿಡ್ರಿ ಮೇಡಂ," ಎಂದು ಅಲ್ಲಿನ ಕಾವಲುಗಾರ ಉಚ್ಚಂಗೆಪ್ಪ ಕಂಬಳಿಯೊಳಗಿಂದಲೇ ನಗುತ್ತಾನೆ.

"ಗ್ವಾಡೆ ಓಡಲ್ಲ ಕಣಪ್ಪ. ನಿಮ್ ಮ್ಯಾನೇಜರ್ರು ಮೊಳೆ ಹಿಡ್ಕೊಂಡು ಓಡಿ ಬರ್ತಾರೆ. ಲೋಗೋ ಮೇಲೆ ಕ್ಯಾಲೆಂಡರ್ ಹಾಕೋದು, ಮುಖದ ಮೇಲೆ ಟವೆಲ್ ಹಾಕ್ಕೊಂಡು ಕೂರೋದು ಎಲ್ಡೂ ಒಂದೇ ಅಂತ ಅವರಿಗೆ ಹೇಳು."

ಆಫೀಸು ಅಲಂಕರಿಸುವ ಈ ಕೆಲಸವನ್ನು ಅವಳಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಮದುವೆ ಮಂಟಪಗಳಿಗೆ ಥರ್ಮೋಕೋಲಿನಲ್ಲಿ ಹುಡುಗ ಹುಡುಗಿಯ ಹೆಸರು ಕತ್ತರಿಸಿ ಕೊಡುವುದರಿಂದ ಅವಳ ಕೈ ಪಳಗಿತು. ಗಂಡ ಗೌಸ್‌ಪೀರ್ ಬಡಗಿ. ಅವನು ಮೇಜು ಮಾಡಿದರೆ ಇವಳು ಅದರ ಬಣ್ಣ ಹೇಳುತ್ತಿದ್ದಳು. ಬರಬರುತ್ತಾ ಬೀಜದ ಕಂಪನಿ, ಗೊಬ್ಬರದ ಕಂಪನಿ, ಅಡಿಕೆ ಮಂಡಿಗಳವರು ಆಫೀಸು ಚಂದ ಮಾಡಿಸಿಕೊಳ್ಳಲು ಶುರುಮಾಡಿದಾಗ ಜನ ಗೌಸ್‌ಪೀರನ ಬದಲು "ಆ ಮೇಡಂನ ಕರೀರಿ" ಎನ್ನತೊಡಗಿದರು. ಕಂಪನಿಯವರು ಹೇಳುವುದನ್ನು ಅವಳು ಬಾಯಿ ಮುಚ್ಚಿ ಕೇಳುತ್ತಿದ್ದಳು. ಲೋಗೋ ಯಾಕೆ ಹಾಗಿದೆ, ಆ ಬಣ್ಣ ಯಾರು ಆರಿಸಿದ್ದು, ಬಾಗಿಲಿಗೆ ಬರುವವರು ಯಾರು ಎಂದು ತಿಳಿದುಕೊಂಡು ಮನೆಗೆ ಬಂದು, ಅಕ್ಕಿ ಆರಿಸುವಾಗಲೂ ಅದನ್ನೇ ಯೋಚಿಸಿ ಗೋಡೆಯ ನಕ್ಷೆ ಬರೆಯುತ್ತಿದ್ದಳು. ಹೊಳೆಯುವ ಬಿಳಿ ಲ್ಯಾಮಿನೇಟು, ಚಿನ್ನದ ಬಣ್ಣದ ಪಟ್ಟಿ, ಹಿಂದಿನಿಂದ ಬೆಳಗುವ ಅಕ್ಷರ. ಅವಳು ಮಾಡಿದ ಗೋಡೆ ಎಂದರೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಒಂದು ಬಣ್ಣವನ್ನು ಮಾತ್ರ ಅವಳು ಎಂದೂ ಮುಟ್ಟಲಿಲ್ಲ. ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದ್ದು ಗಟ್ಟಿಯಾಗುತ್ತದಲ್ಲ, ಆ ಚೊಗರಿನ ಕೆಂಪುಗಂದು. ಅದಕ್ಕೆ ಕಾರಣ ಗೌಸ್‌ಪೀರನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅವಳು ಅಮ್ಮನ ಜೊತೆ, ತೋಟದ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರ ಕಣದಲ್ಲಿ ಅಡಿಕೆ ಸುಲಿಯುತ್ತಿದ್ದಳು. ಕಬ್ಬಿಣದ ಕತ್ತಿಗೆ ಹಸಿ ಅಡಿಕೆಯ ರಸ ತಾಗಿ ಬೆರಳೆಲ್ಲ ಇದ್ದಿಲಿನಂತೆ ಕಪ್ಪಾಗುತ್ತಿತ್ತು. ಹುಣಸೆಹಣ್ಣು ತಿಕ್ಕಿದರೂ ಉಗುರ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿ ತನ್ನ ಪುಸ್ತಕವನ್ನು ಆಚೆ ಸರಿಸಿಕೊಂಡಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಚಹಾದ ತಟ್ಟೆ ಹಿಡಿದಾಗ ಅವಳು ಬೆರಳುಗಳನ್ನು ತಟ್ಟೆಯ ಅಡಿಗೇ ಮಡಚಿಕೊಂಡಿದ್ದಳು. ಆ ರಸವೇ ಬೆಂದು ಚೊಗರಾಗುವುದು. ಚೊಗರೆಂದರೆ ಅವಳ ಪಾಲಿಗೆ ತೊಳೆದು ಕಳೆಯಬೇಕಾದ ಕೊಳೆ.

ಹೀಗಿರುವಾಗ ಮೈದುನ ಫಯಾಜ್‌ಗೆ ಮದುವೆಯಾಗಿ ರುಹೀನಾ ಮನೆಗೆ ಬಂದಳು. ಜಗಳೂರಿನ ಹುಡುಗಿ. ಅಲ್ಲಿ ಅವಳು ಬಿಳಿಜೋಳ, ಶೇಂಗಾ ನೋಡಿದ್ದಳೇ ಹೊರತು ಅಡಿಕೆ ಬೇಯಿಸುವುದನ್ನು ಕಂಡವಳಲ್ಲ. ಮೊದಲ ವರ್ಷವೇ ಯಾರದೋ ಕಣದಲ್ಲಿ ಚೊಗರಿನ ಹಂಡೆ ನೋಡಿ, ದುಪಟ್ಟಾದ ತುದಿಯನ್ನು ಅದರೊಳಗೆ ಅದ್ದಿಬಿಟ್ಟಳು.

"ಅಯ್ಯೋ ಹುಚ್ಚಿ! ಹೊಸಾ ದುಪಟ್ಟಾ ಹಾಳಾತಲ್ಲೇ!" ಎಂದು ನುಜಹತ್ ಕೂಗಿದ್ದಳು.

"ಹಾಳೆಲ್ಲಿ ಆತು ಭಾಬಿ? ಬಣ್ಣ ಆತು, ನೋಡ್ರಿ!" ಎಂದು ಅವಳು ತುದಿಯನ್ನು ಬಿಸಿಲಿಗೆ ಹಿಡಿದು ನಕ್ಕಿದ್ದಳು.

ರುಹೀನಾ ಹಗಲೆಲ್ಲ ಗೌಸ್‌ಪೀರನ ಬಡಗಿ ಅಂಗಡಿಯಲ್ಲಿ ನುಜಹತ್‌ಳ ಬೆನ್ನ ಹಿಂದೆ ನಿಂತು ಕೆಲಸ ನೋಡುತ್ತಿದ್ದಳು. ಕಾಗದ ಹಿಡಿದುಕೊಡುವಳು, ಅಕ್ಷರ ಕತ್ತರಿಸಿಕೊಡುವಳು. ನೋಡುನೋಡುತ್ತ ಅವಳ ಕೈ ಇವಳ ಕೈಗಿಂತ ಚುರುಕಾಯಿತು. ಗಿರಾಕಿಗಳು ಬಂದರೆ "ಸಣ್ಣ ಮೇಡಂ ಇಲ್ವೇನ್ರಿ?" ಎಂದು ಕೇಳತೊಡಗಿದರು. ನುಜಹತ್ ಒಮ್ಮೆ ಹೊಸ ಕಟರ್ ಬ್ಲೇಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ರುಹೀನಾ ಹಳೆಯ ಬ್ಲೇಡಿನಲ್ಲೇ ಕತ್ತರಿಸಿದಳು, ಅಂಚು ಇನ್ನೂ ನಯವಾಗಿ ಬಂತು. ಅಂದು ರಾತ್ರಿಯೂಟಕ್ಕೆ ರುಹೀನಾ ಮಾಡಿದ ಸಾರನ್ನು ನುಜಹತ್ ಉಪ್ಪಿಲ್ಲವೆಂದು ಪಕ್ಕಕ್ಕಿಟ್ಟಳು. ಉಪ್ಪು ಸರಿಯಾಗಿಯೇ ಇತ್ತು.

ನಮಾಜಿನ ನಂತರ ದುವಾಕ್ಕೆ ಕೈಯೆತ್ತಿ ಅವಳು ಮನೆಯ ಒಬ್ಬೊಬ್ಬರ ಹೆಸರು ಹೇಳಿ ಒಳ್ಳೆಯದು ಕೇಳುವವಳು. ರುಹೀನಾಳ ಹೆಸರಿಗೆ ಬಂದಾಗ ನಾಲಿಗೆ ತಡೆಯುತ್ತಿತ್ತು. ಹೊಟ್ಟೆಕಿಚ್ಚು ಕೆಟ್ಟದ್ದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಟ್ಟದ್ದೆಂದು ಗೊತ್ತಿದ್ದ ಮಾತ್ರಕ್ಕೆ ಅದು ಹೋಗಲೂ ಇಲ್ಲ.

ಸವಳಂಗದ ಕೆಲಸ ಬಂದದ್ದು ಆಗಲೇ. ಸುತ್ತಲ ಹಳ್ಳಿಗಳ ಅಡಿಕೆ ಬೆಳೆಗಾರರು ಸೇರಿ 'ಕೆಂಗೊನೆ' ಎಂಬ ಕಂಪನಿ ಕಟ್ಟಿಕೊಂಡಿದ್ದರು. ಹೊಸ ಕಟ್ಟಡ, ವೃತ್ತದೊಳಗೆ ಕೆಂಪು ಗೊನೆಯ ಲೋಗೋ. ಉತ್ತರದ ಕಡೆಯಿಂದ ವ್ಯಾಪಾರಿಗಳು ಬರುತ್ತಾರೆ, ದಿನವೂ ಷೇರುದಾರ ರೈತರು ಬರುತ್ತಾರೆ. ಇಷ್ಟು ದೊಡ್ಡ ರಿಸೆಪ್ಷನ್ ನುಜಹತ್‌ಳ ಪಾಲಿಗೆ ಇದೇ ಮೊದಲು. ಈ ಗೋಡೆ ಒಂದಾದರೆ ದಾವಣಗೆರೆಯವರೂ ಶಿವಮೊಗ್ಗದವರೂ ತನ್ನ ಹೆಸರು ಕೇಳಿಕೊಂಡು ಬರುತ್ತಾರೆಂದು ಅವಳು ಹಗಲುಗನಸು ಕಟ್ಟಿದ್ದಳು. ನಕ್ಷೆಗಳ ಸುರುಳಿ ಹಿಡಿದು ಹೊನ್ನಾಳಿಗೆ ಒಂದು ಬಸ್ಸು, ಅಲ್ಲಿಂದ ನ್ಯಾಮತಿ ದಾಟಿ ಸವಳಂಗಕ್ಕೆ ಇನ್ನೊಂದು. ಲ್ಯಾಮಿನೇಟಿನ ಮಾದರಿ ಹಲಗೆಗಳು ಭಾರವೆಂದು ರುಹೀನಾಳನ್ನು ಜೊತೆಗೆ ಕರೆದುಕೊಂಡು ಹೋದಳು. ಹೊರಲಿಕ್ಕೆಂದೇ ಕರೆದುಕೊಂಡು ಹೋದದ್ದು.

ಕಂಪನಿಯ ಅಧ್ಯಕ್ಷ ಚಿತ್ತಪ್ಪನವರು ನಕ್ಷೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಚಂದ ಐತೆ ಕಣವ್ವಾ. ಬಾಳ ಚಂದ ಐತೆ. ಆದ್ರೆ ಬ್ಯಾಂಕಿಗೆ ಸಾಲ ಕೇಳಾಕೆ ಹೋದಂಗೆ ಐತೆ. ನಮ್ ರೈತ್ರು ಈ ಬಿಳೇ ಸೋಫಾ ನೋಡಿದ್ರೆ ಹೊರಗೇ ನಿಂತ್ಕಂತಾರೆ. ಬಾಗ್ಲಾಗೆ ಕಾಲಿಟ್ಟ ಕೂಡ್ಲೆ ಇದು ನಮ್ದು ಅನ್ನಿಸ್ಬೇಕು, ಹಂಗೇನಾರ ಆಗ್ತೈತಾ?" ಎಂದವರು, ಮೂಲೆಯಲ್ಲಿ ಹಲಗೆಗಳನ್ನು ಹಿಡಿದು ನಿಂತಿದ್ದ ರುಹೀನಾಳ ಕಡೆ ತಿರುಗಿ, "ನೀನೇನ್ ಅಂತೀಯವ್ವಾ ತಾಯಿ? ಆಗಿನಿಂದ ಏನೋ ಮಾತು ನುಂಗ್ತಾ ನಿಂತೀಯಲ್ಲ," ಎಂದರು.

ಸುಮ್ಮನೆ ಮಾತಿಗೆಂದು ಕೇಳಿದ್ದು. "ನಂಗೇನ್ ಗೊತ್ತಾಕ್ಕತ್ರಿ" ಎನ್ನುತ್ತಾಳೆಂದು ನುಜಹತ್ ತಿಳಿದಿದ್ದಳು.

ರುಹೀನಾ ಒಮ್ಮೆ ಭಾಬಿಯ ಮುಖ ನೋಡಿದಳು. "ಗ್ವಾಡೆ ತುಂಬ ಹಲಗೆ ಹೊಡಿಸಿ, ಅದಕ್ಕೆ ಚೊಗರೇ ಬಳಿದ್ರೆ ಹೆಂಗಿರ್ತೈತ್ರಿ? ನಿಮ್ ಲೋಗೋದ ಬಣ್ಣಾನೂ ಅದೇ ಅಲ್ವೇನ್ರಿ?"

ಚಿತ್ತಪ್ಪನವರು ತೊಡೆ ತಟ್ಟಿಕೊಂಡು, "ಎಲಾ ಇವ್ಳಾ! ಹುಟ್ಟಿದಾಗಿಂದ ಚೊಗರಿನಾಗೇ ಅದೀವಿ, ನಮಗ್ಯಾರಿಗೂ ಹೊಳೀಲಿಲ್ಲ ನೋಡು!" ಎಂದು ನಕ್ಕರು.

ಮುಖ್ಯ ಗೋಡೆ ರುಹೀನಾಳದು, ಕೌಂಟರು ಮತ್ತು ಕೂರುವ ಕಟ್ಟೆ ನುಜಹತ್‌ಳದು ಎಂದು ತೀರ್ಮಾನವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಜಾಗ ಖಾಲಿಯಿದ್ದರೂ ನುಜಹತ್ ಬೇರೆ ಸೀಟಿನಲ್ಲಿ ಕೂತಳು. ಹೊನ್ನಾಳಿಯ ಸೇತುವೆ ಮೇಲೆ ಹೊಳೆ ನೋಡುವ ನೆಪದಲ್ಲಿ ಮುಖ ಆಚೆ ತಿರುಗಿಸಿಕೊಂಡಳು. ಅವಳನ್ನು ಸುಟ್ಟದ್ದು ಗೋಡೆ ಕೈತಪ್ಪಿದ್ದಲ್ಲ. ಆ ಮಾತು ತನ್ನ ಬಾಯಲ್ಲಿ ಬರಬೇಕಿತ್ತು. ಚೊಗರು ತನ್ನದು. ಅದನ್ನು ಉಗುರಿನಲ್ಲಿ ಹೊತ್ತವಳು ತಾನು. ನಿನ್ನೆ ಮೊನ್ನೆ ಜಗಳೂರಿನಿಂದ ಬಂದವಳು ಅದನ್ನು ಬಣ್ಣವೆಂದು ಕಂಡಳು, ತಾನು ಇಷ್ಟು ವರ್ಷ ಕೊಳೆಯೆಂದೇ ತೊಳೆದಳು.

ಕೆಲಸ ಶುರುವಾಯಿತು. ಸಿಲ್ವರ್ ಓಕಿನ ಬಿಳಿ ಹಲಗೆಗಳನ್ನು ಗೌಸ್‌ಪೀರ್ ಗೋಡೆಗೆ ಜೋಡಿಸಿದ. ರುಹೀನಾ ಕಣಗಳನ್ನು ಸುತ್ತಿ ಹಳೆಯ ಗಟ್ಟಿ ಚೊಗರು ತಂದು, ಹತ್ತಿ ಬಟ್ಟೆಯಲ್ಲಿ ಅದ್ದಿ ಅದ್ದಿ ಬಳಿದಳು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹಲಗೆಯ ಗೆರೆಗಳೆಲ್ಲ ಎದ್ದು ಬಂದು, ಸಂಜೆಯ ಬಿಸಿಲು ಕಿಟಕಿಯಿಂದ ಬಿದ್ದಾಗ ಗೋಡೆ ಒಳಗಿನಿಂದಲೇ ಬೆಚ್ಚಗಿರುವಂತೆ ಕಂಡಿತು. ಕೌಂಟರಿನ ಅಂಚು ಉಜ್ಜುತ್ತಿದ್ದ ನುಜಹತ್‌ಳ ಕಣ್ಣು ಎಷ್ಟು ಬೇಡವೆಂದರೂ ಅತ್ತಲೇ ಹೋಗುತ್ತಿತ್ತು. ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅದು ಚಂದವಿತ್ತು.

ಗೌಸ್‌ಪೀರ್ ಉಳಿ ಕೆಳಗಿಟ್ಟು, ಗೋಡೆಯ ಮುಂದೆ ನಿಂತು, "ಮಾಷಾ ಅಲ್ಲಾ," ಎಂದ.

ಇಷ್ಟು ವರ್ಷದ ಸಂಸಾರದಲ್ಲಿ ನುಜಹತ್‌ಳ ಕೆಲಸಕ್ಕೆ ಅವನು "ಪರವಾಗಿಲ್ಲ" ಎಂದದ್ದೇ ಹೆಚ್ಚು. ಅವಳ ಕೈಯ ಉಜ್ಜುಕಾಗದ ಹರಿದು ಎರಡಾಯಿತು.

ಫಯಾಜ್‌ನದು ವೆಲ್ಡಿಂಗ್ ಅಂಗಡಿ. ಹೆಂಡತಿಯ ಗೋಡೆಗೆಂದು ಅವನು ಕಂಪನಿಯ ಹೆಸರನ್ನು ಕಬ್ಬಿಣದಲ್ಲಿ ಕತ್ತರಿಸಿ ತಂದ. ಬಣ್ಣ ಹಚ್ಚದ ಬರಿಯ ಕಬ್ಬಿಣ, ನೇಗಿಲ ಗುಳದ ಬಣ್ಣ, ಅದೇ ಇರಲಿ ಎಂದು ರುಹೀನಾ ಆಸೆಪಟ್ಟಿದ್ದಳು. ಅಕ್ಷರಗಳನ್ನು ನೆಲದ ಮೇಲೆ ಹರಡಿಕೊಂಡು ಅವಳು ನುಜಹತ್‌ಳ ಬಳಿ ಬಂದಳು.

"ಭಾಬಿ, ಕಬ್ಬಿಣದಾಗೇ ಇರ್ಲೇನ್ರಿ? ಇಲ್ಲಾ ಹಿತ್ತಾಳೆದಾಗೆ ಮಾಡಿಸ್ಲಾ? ನಿಮಗೇ ಗೊತ್ತಿರ್ತೈತೆ, ಹೇಳ್ರಿ."

ನುಜಹತ್‌ಳ ಕಣ್ಣ ಮುಂದೆ ಕಣದ ಕತ್ತಿ ಬಂತು, ತನ್ನ ಬೆರಳುಗಳು ಬಂದವು. ಕಬ್ಬಿಣ ಮತ್ತು ಚೊಗರು ಕೂಡಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಒಂದು ಮಾತು ಸಾಕಿತ್ತು.

"ನಿನ್ ಗ್ವಾಡೆ. ನಿಂಗೆ ಹೆಂಗ್ ಬೇಕೋ ಹಂಗ್ ಮಾಡ್ಕ," ಎಂದು ಅವಳು ಕೌಂಟರಿನ ಕಡೆ ತಿರುಗಿದಳು.

ಆ ವಾರ ಜಡಿಮಳೆ ಹಿಡಿಯಿತು. ಹೊಸ ಗಾರೆಯ ತೇವ ಬೇರೆ. ಉದ್ಘಾಟನೆ ಹತ್ತಿರ ಬಂದಾಗ ಚಿತ್ತಪ್ಪನವರ ಫೋನು ಬಂತು, "ಅದೇನೋ ಆಗೈತೆ, ಬಂದು ನೋಡ್ರವ್ವಾ." ನುಜಹತ್, ರುಹೀನಾ, ಗೌಸ್‌ಪೀರ್ ಮೂವರೂ ಹೋದರು. ಒಂದೊಂದು ಅಕ್ಷರದ ಕೆಳಗೂ ಕಪ್ಪು ಗೆರೆಗಳು ಇಳಿದಿದ್ದವು, ಅಳುವವಳ ಕಣ್ಣಿನ ಸುರ್ಮಾ ಕೆನ್ನೆಗೆ ಇಳಿದ ಹಾಗೆ. ರುಹೀನಾ ಗೋಡೆಯ ಮುಂದೆ ಹಾಗೇ ಕುಸಿದು ಕೂತಳು. ನುಜಹತ್‌ಗೆ ಒಳಗೊಳಗೇ ಏನೋ ತಂಪಾದಂತಾಯಿತು. ಆ ತಂಪು ಒಂದು ಕ್ಷಣವೂ ನಿಲ್ಲಲಿಲ್ಲ.

ಕಟ್ಟಡ ಗುಡಿಸುವ ಅಂಜಮ್ಮ ಪೊರಕೆ ಊರಿ ನಿಂತು ಲೊಚಗುಟ್ಟಿದಳು. "ಕಬ್ಣ ಚೊಗರು ಕೂಡಿದ್ರೆ ಕಪ್ಪಾಗ್ದೆ ಇನ್ನೇನಾಗ್ತೈತೆ ತಾಯಿ? ಅಡಿಕೆ ಸುಲಿಯೋ ಯಾವ ಹೆಣ್ಮಗಳ್ನ ಕೇಳಿದ್ರೂ ಹೇಳ್ತಿದ್ಲು. ನಿಮ್ ಮನ್ಯಾಗೆ ಯಾರೂ ಅಡಿಕೆ ಸುಲಿದೋರು ಇಲ್ವೇನ್ರೀ?"

"ಇಲ್ಲಜ್ಜಿ," ಎಂದಳು ರುಹೀನಾ, ಮೂಗೊರೆಸಿಕೊಂಡು. "ನಮ್ ಮನ್ಯಾಗೆ ಯಾರೂ ಇಲ್ಲ."

ಗೌಸ್‌ಪೀರ್ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಮದುವೆಯಾದ ಹೊಸತರಲ್ಲಿ ಅವಳ ಬೆರಳುಗಳನ್ನು ನಿಂಬೆಹಣ್ಣು ಹಚ್ಚಿ ತಿಕ್ಕಿಕೊಟ್ಟವನು ಅವನೇ. ನುಜಹತ್ ಆ ನೋಟವನ್ನು ತಾಳಲಾರದೆ ಹೊರಗೆ ಹೋಗಿ ಜಗಲಿಯ ಮೇಲೆ ನಿಂತಳು. ಮಳೆ ಸಣ್ಣಗೆ ಬೀಳುತ್ತಿತ್ತು. ಮಧ್ಯಾಹ್ನದ ಬಾಂಗಿನ ಹೊತ್ತಾಗಿತ್ತು. ಈ ಬಾಯಿ ಇಟ್ಟುಕೊಂಡು ನಮಾಜಿಗೆ ನಿಲ್ಲುವುದಾದರೂ ಹೇಗೆ ಎಂದು ಅವಳಿಗೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅಳೋದು ಬಿಡು, ಎದ್ದೇಳು. ಏನ್ರೀ, ಅಕ್ಷರ ಎಲ್ಲಾ ಬಿಚ್ರಿ. ಕಬ್ಬಿಣದ ತಿರುಪೂ ಒಂದೂ ಉಳೀಬಾರ್ದು. ಕಪ್ಪಾಗಿರೋ ಕಡೆ ಹಲಗೆ ಉಜ್ಜಿ ಬಿಳಿ ಮಾಡಿ, ಮತ್ತೆ ಬಳಿಯಾಣ."

"ಹೆಸರು ಯಾವುದ್ರಾಗೆ ಬರೆಸೋದು ಭಾಬಿ? ದಿನಾನೇ ಇಲ್ಲ."

"ಹಿತ್ತಾಳೆ ತಗಡು ನನ್ನತ್ರ ಐತೆ."

ಗೌಸ್‌ಪೀರ್ ತಿರುಪು ಬಿಚ್ಚುವುದನ್ನು ನಿಲ್ಲಿಸಿದ. ಆ ತಗಡನ್ನು ಅವಳು ಹೊನ್ನಾಳಿಯ ಪಾತ್ರೆ ಅಂಗಡಿಯಲ್ಲಿ ಆರಿಸಿ ತಂದು, ಎಂದಾದರೂ ಸ್ವಂತ ಅಂಗಡಿ ತೆರೆದಾಗ ಅದರ ಮುಂದೆ ತನ್ನ ಹೆಸರು ಕೂರಿಸಲೆಂದು ಮಂಚದ ಕೆಳಗೆ ಹಾಸಿಟ್ಟಿದ್ದಳು. ಅವನು ಮತ್ತೆ ಕೆಲಸಕ್ಕೆ ಬಗ್ಗಿದ.

ಇಬ್ಬರೂ ಹೆಂಗಸರು ಅಕ್ಕಪಕ್ಕ ಕೂತು ಹಲಗೆ ಉಜ್ಜಿದರು. ಮರದ ಹುಡಿ ಇಬ್ಬರ ಕೈಯನ್ನೂ ಮುಚ್ಚಿತು. ಕೊನೆಗೆ ನುಜಹತ್ ತಲೆಯೆತ್ತದೆ ಹೇಳಿದಳು:

"ನಾನು ಸಣ್ಣಾಕಿ ಇದ್ದಾಗ ಅಡಿಕೆ ಸುಲಿದಿದೀನಿ."

ರುಹೀನಾಳ ಕೈ ನಿಂತಿತು. ಮತ್ತೆ ಉಜ್ಜತೊಡಗಿತು.

"ಅವತ್ತು ನಾನು ಕೇಳಿದ್ನಲ್ಲ ಭಾಬಿ."

"ಕೇಳಿದ್ದಿ."

ಸ್ವಲ್ಪ ಹೊತ್ತಾದ ಮೇಲೆ ರುಹೀನಾ ಚೊಗರಿನ ಬಟ್ಟೆಯನ್ನು ಇವಳ ಕಡೆ ಚಾಚಿದಳು. ನುಜಹತ್ ಅದನ್ನು ತೆಗೆದುಕೊಂಡಳು. ಅದೆಷ್ಟೋ ವರ್ಷಗಳ ಮೇಲೆ ಮತ್ತೆ ಅದೇ ಒಗರು ವಾಸನೆ, ಅದೇ ಅಂಟು. ಉಗುರ ಸಂದಿಗೆ ಕೆಂಪು ಇಳಿಯುವುದನ್ನು ನೋಡುತ್ತ ಅವಳು ಬಳಿದಳು. ಫಯಾಜ್ ತಗಡಿನಲ್ಲಿ ಹೊಸ ಅಕ್ಷರ ಕತ್ತರಿಸಿಕೊಟ್ಟ. ಹಿಂಬದಿಗೆ ಮೇಣ ಸವರಿ, ಹಿತ್ತಾಳೆ ತಿರುಪಿನಲ್ಲೇ ಕೂರಿಸಿದರು.

ಉದ್ಘಾಟನೆಯ ದಿನ ಹೊರಗೆ ಚಪ್ಪಲಿಗಳ ರಾಶಿ. ರೈತರು ಒಳಗೆ ಬಂದು ಹಿಂಜರಿಯದೆ ಕಟ್ಟೆಯ ಮೇಲೆ ಕೂತರು. ಒಬ್ಬ ಮುದುಕ ಗೋಡೆಗೆ ಮೂಗು ಹಚ್ಚಿ, "ಇದು ನಮ್ಮೂರ ಚೊಗರು ಕಣ್ರೋ!" ಎಂದು ಕೂಗಿದ. ಎಲ್ಲರೂ ನಕ್ಕು, ತಾವೂ ಎದ್ದು ಬಂದು ಮುಟ್ಟಿ ನೋಡಿದರು. ಹೊರಗಿನಿಂದ ಬಂದ ವ್ಯಾಪಾರಿಗಳು ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನುಜಹತ್ ಮಾಡಿದ ಕೌಂಟರಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಅದರ ಮೇಲೆ ಚಹಾದ ಲೋಟಗಳನ್ನಿಟ್ಟರು. ಅವಳು ಬಟ್ಟೆ ತಂದು ಲೋಟದ ಗುರುತುಗಳನ್ನು ಒರೆಸಿದಳು, ಅವರು ಮತ್ತೆ ಇಟ್ಟರು. ಚಿತ್ತಪ್ಪನವರು ಮೈಕಿನಲ್ಲಿ "ಈ ಗ್ವಾಡೆ ಮಾಡಿದ ಹೆಣ್ಮಗಳು" ಎಂದಾಗ ಎಲ್ಲರ ತಲೆಯೂ ರುಹೀನಾಳ ಕಡೆ ತಿರುಗಿತು. ಚಪ್ಪಾಳೆ ಬಿದ್ದಿತು. ನುಜಹತ್ ಕೂಡ ತಟ್ಟಿದಳು. ಎದೆಯಲ್ಲಿ ಅದೇ ಹಳೆಯ ಮುಳ್ಳು ಆಡಿತು.

ಜನ ಊಟಕ್ಕೆ ಎದ್ದ ಮೇಲೆ ರುಹೀನಾ ಅವಳನ್ನು ಗೋಡೆಯ ಮೂಲೆಗೆ ಕರೆದುಕೊಂಡು ಹೋದಳು. ಅಂಗೈಯಗಲದ ಜಾಗ ತೋರಿಸಿದಳು.

"ಇಲ್ಲಿ ಮಾಡಿದೋರ ಹೆಸ್ರು ಹಾಕ್ಸಾಕೆ ಚಿತ್ತಪ್ಪಣ್ಣ ಹೇಳ್ಯಾರೆ ಭಾಬಿ. ನಾನು ಅವ್ರಿಗೆ ಹೇಳ್ಬಿಟ್ಟೀನಿ, ಮೊದ್ಲು ನಿಮ್ ಹೆಸ್ರು, ಅದ್ರ ಕೆಳಗೆ ನಂದು ಅಂತ. ನೀವು ತಗಡು ಕೊಡದಿದ್ರೆ, ಹೇಳದಿದ್ರೆ, ಇದೆಲ್ಲಿ ಆಗ್ತಿತ್ರಿ? ಫಯಾಜ್ ಇವತ್ತೇ ಕತ್ತರಿಸಿ ಕೊಡ್ತಾರಂತೆ."

ನುಜಹತ್ ಆ ಜಾಗವನ್ನು ನೋಡಿದಳು. ಅಲ್ಲಿ ತನ್ನ ಹೆಸರು ಹೇಗೆ ಕೂರುತ್ತದೆ, ಎಷ್ಟು ದಪ್ಪ ಅಕ್ಷರ ಬೇಕು, ಎಡಕ್ಕೆಷ್ಟು ಬಲಕ್ಕೆಷ್ಟು ಜಾಗ ಬಿಡಬೇಕು ಎಲ್ಲವೂ ಒಂದೇ ಉಸಿರಿಗೆ ಕಣ್ಣಿಗೆ ಕಟ್ಟಿತು. ಬರುವವರು ಹೋಗುವವರು ಓದುತ್ತಾರೆ. ಶಿವಮೊಗ್ಗದವರು, ದಾವಣಗೆರೆಯವರು ಓದುತ್ತಾರೆ.

"ನನ್ ಹೆಸ್ರು ಬ್ಯಾಡ," ಎಂದಳು.

"ಅದ್ಯಾಕೆ ಭಾಬಿ? ಸಿಟ್ಟೇನ್ರಿ ನನ್ ಮ್ಯಾಲೆ?"

"ಸಿಟ್ಟು ಐತೆ. ಅದು ಬ್ಯಾರೆ. ಗ್ವಾಡೆ ನಿಂದು. ನಿಂದೊಂದೇ ಹಾಕ್ಸು."

"ನಾನ್ ಆಗ್ಲೇ ಮಾತು ಕೊಟ್ಟೀನಲ್ರೀ ಅವ್ರಿಗೆ."

"ಬ್ಯಾಡ ಅಂದ್ನಲ್ಲ. ಹೋಗು, ಚಿತ್ತಪ್ಪನೋರು ಊಟಕ್ಕೆ ಕೂರೋದ್ರಾಗೆ ಹೋಗಿ ಹೇಳ್ಬಿಡು. ಈಗ್ಲೇ ಹೇಳು ರುಹೀನಾ. ನಾಳೆಗೆ ನನ್ ಮನಸ್ಸು ಹೆಂಗಿರ್ತೈತೋ ನಂಗೇ ಗೊತ್ತಿಲ್ಲ."